ಬೈಪಾಸ್ ಶಸ್ತ್ರಚಿಕಿತ್ಸೆಗೆ ಮುಂಗೈ ಅಪಧಮನಿ ತೆಗೆದ ನಂತರ ಕಾಣುವ ಕೈನರಗಳ ತೊಂದರೆಗಳು

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಕಟ್ಟಿಕೊಂಡ ಹೃದಯನಾಳವನ್ನು ಬಳಸಿಕೊಂಡು ಹೋಗುವಂತೆ ರಕ್ತಕ್ಕೆ ಹೊಸ ದಾರಿ ಮಾಡಿಕೊಡುತ್ತಾರೆ. ಆ ದಾರಿಗೆ ಬೇಕಾದ ನಾಳವನ್ನು ರೋಗಿಯ ದೇಹದಿಂದಲೇ ತೆಗೆಯಬೇಕು. ಎದೆಯ ಒಳಗೋಡೆಯ ಅಪಧಮನಿ, ಕಾಲಿನ ಉದ್ದ ಸಿರೆ, ಮುಂಗೈಯ ರೇಡಿಯಲ್ ಅಪಧಮನಿ ಇವು ಸಾಮಾನ್ಯವಾಗಿ ಬಳಕೆಯಾಗುವ ಮೂರು ನಾಳಗಳು. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಬಳಿ ನಾಡಿ ಹಿಡಿದಾಗ ಬೆರಳಿಗೆ ತಾಗುವ ಮಿಡಿತ ಈ ರೇಡಿಯಲ್ ಅಪಧಮನಿಯದು. ಅದನ್ನು ತೆಗೆದ ಕೈಯಲ್ಲಿ ಕೆಲವರಿಗೆ ಜೋಮು, ಚುಚ್ಚಿದಂತಾಗುವುದು, ಉರಿ, ಮುಟ್ಟಿದರೆ ಗೊತ್ತಾಗದಿರುವುದು, ಹೆಬ್ಬೆರಳಿನ ಹಿಡಿತ ಸಡಿಲವಾಗುವುದು ಮುಂತಾದ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಬಹುಪಾಲು ಚರ್ಮದ ಸ್ಪರ್ಶಕ್ಕೆ ಸಂಬಂಧಿಸಿದ ಸಣ್ಣ ನರಗಳಿಗೆ ಆದ ಪೆಟ್ಟಿನ ಫಲ. ತೆಗೆದದ್ದು ರಕ್ತನಾಳವನ್ನು ಮಾತ್ರ. ನರವನ್ನು ಯಾರೂ ಕಿತ್ತು ಹೃದಯಕ್ಕೆ ಹಾಕುವುದಿಲ್ಲ. ಆದರೂ ನಾಳದ ಪಕ್ಕದಲ್ಲೇ ನರ ಹಾದುಹೋಗುವುದರಿಂದ ಒಂದನ್ನು ಬಿಡಿಸುವಾಗ ಇನ್ನೊಂದಕ್ಕೆ ನೋವಾಗುವ ಸಾಧ್ಯತೆ ಇದ್ದೇ ಇದೆ.

ಮುಂಗೈ ಅಪಧಮನಿಯ ಬಳಕೆಯ ಇತಿಹಾಸ

1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಅರ್ಜೆಂಟೀನಾದ ಶಸ್ತ್ರವೈದ್ಯ ರೆನೆ ಫಾವಲೋರೊ ಕಾಲಿನ ರಕ್ತನಾಳವನ್ನು ಬಳಸಿ ಬೈಪಾಸ್ ಮಾಡುವ ಕ್ರಮವನ್ನು ನೆಲೆಗೊಳಿಸಿದರು. ಕಾಲಿನ ನಾಳ ಸುಲಭವಾಗಿ, ಬೇಕಾದಷ್ಟು ಉದ್ದಕ್ಕೆ ಸಿಗುತ್ತದೆ. ಆದರೆ ಅಪಧಮನಿಯ ಒತ್ತಡಕ್ಕೆ ಒಗ್ಗದ ಅದರ ಗೋಡೆ ವರ್ಷಗಳು ಕಳೆದಂತೆ ದಪ್ಪವಾಗಿ ಕಟ್ಟಿಕೊಳ್ಳುತ್ತದೆ. ಅಪಧಮನಿಯನ್ನೇ ಬಳಸಿದರೆ ಹೆಚ್ಚು ಕಾಲ ಬಾಳೀತು ಎಂಬ ಯೋಚನೆಯಿಂದ ಪ್ಯಾರಿಸ್‌ನ ಅಲೆನ್ ಕಾರ್ಪೆಂಟಿಯರ್ 1971ರಲ್ಲಿ ರೇಡಿಯಲ್ ಅಪಧಮನಿಯನ್ನು ಹೃದಯಕ್ಕೆ ಜೋಡಿಸಲು ಆರಂಭಿಸಿ, 1973ರಲ್ಲಿ ವರದಿ ಮಾಡಿದರು. ಫಲಿತಾಂಶ ನಿರಾಸೆ ತಂದಿತು. ಈ ನಾಳದ ಗೋಡೆಯಲ್ಲಿ ಸ್ನಾಯು ಹೆಚ್ಚು. ಮುಟ್ಟಿದರೆ, ಎಳೆದರೆ ಬಿಗಿದುಕೊಳ್ಳುತ್ತದೆ. ಹಲವು ಕಸಿಗಳು ಸಂಕುಚಿತಗೊಂಡು ಮುಚ್ಚಿಹೋದಂತೆ ಕಂಡವು. ಪದ್ಧತಿಯನ್ನು ಬಹುತೇಕ ಎಲ್ಲರೂ ಕೈಬಿಟ್ಟರು.

ಅದಕ್ಕೆ ಮರುಜೀವ ಬಂದದ್ದೂ ಪ್ಯಾರಿಸ್‌ನಲ್ಲೇ. ಮುಚ್ಚಿಹೋಗಿವೆ ಎಂದುಕೊಂಡಿದ್ದ ಹಳೆಯ ಕಸಿಗಳಲ್ಲಿ ಕೆಲವು ಒಂದೂವರೆ ದಶಕದ ನಂತರವೂ ಚೆನ್ನಾಗಿ ತೆರೆದಿರುವುದು ಮರುಪರೀಕ್ಷೆಯಲ್ಲಿ ಗೊತ್ತಾಯಿತು. ಕ್ರಿಸ್ಟೋಫ್ ಅಕಾರ್ ಮತ್ತು ಸಂಗಡಿಗರು 1989ರಿಂದ ಮತ್ತೆ ಪ್ರಯತ್ನಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಳವನ್ನು ಬರಿದಾಗಿ ಎಳೆಯದೆ ಸುತ್ತಲಿನ ಸಣ್ಣ ಸಿರೆಗಳೊಂದಿಗೆ ಒಟ್ಟಾಗಿ ಬಿಡಿಸುವುದು, ಸಲಾಕೆ ತೂರಿಸಿ ಹಿಗ್ಗಿಸದಿರುವುದು, ಬಿಗಿತ ಬಾರದಂತೆ ಡಿಲ್ಟಿಯಾಜೆಮ್‌ನಂಥ ಕ್ಯಾಲ್ಸಿಯಂ ತಡೆ ಔಷಧ ಕೊಡುವುದು ಇವೇ ಅವರು ಮಾಡಿದ ಬದಲಾವಣೆಗಳು. ಶಸ್ತ್ರಚಿಕಿತ್ಸೆಯ ನಂತರ ರಕ್ತದೊತ್ತಡ ಇಲ್ಲದವರಿಗೂ ಈ ಗುಂಪಿನ ಮಾತ್ರೆಯನ್ನು ಕೆಲವು ತಿಂಗಳು ಬರೆದುಕೊಡುವುದರ ಹಿಂದಿನ ಕಾರಣ ಇದೇ. ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ಆರು ನಿಯಂತ್ರಿತ ಪ್ರಯೋಗಗಳ 1,036 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಮಾರಿಯೊ ಗೌಡಿನೊ ಮತ್ತು ಸಹ ಸಂಶೋಧಕರು 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ವಿಷಯದಲ್ಲಿ ದೊಡ್ಡ ತಿರುವು. ಐದು ವರ್ಷಗಳ ಹೊತ್ತಿಗೆ ರೇಡಿಯಲ್ ಕಸಿ ಮುಚ್ಚಿಹೋಗುವ ಸಂಭವ ಕಾಲಿನ ನಾಳದ ಕಸಿಗಿಂತ ಅರ್ಧಕ್ಕೂ ಕಡಿಮೆ ಎಂದು ಅದು ತೋರಿಸಿತು. ಹೃದಯಾಘಾತ, ಮರುಚಿಕಿತ್ಸೆ, ಸಾವು ಮೂರನ್ನೂ ಸೇರಿಸಿ ನೋಡಿದಾಗಲೂ ರೇಡಿಯಲ್ ಕಸಿಯವರೇ ಮೇಲಿದ್ದರು. ಅಮೆರಿಕದ ಹೃದ್ರೋಗ ಸಂಸ್ಥೆಗಳ 2021ರ ಮಾರ್ಗದರ್ಶಿ, ಎದೆಯ ಅಪಧಮನಿಯ ನಂತರ ಎರಡನೆಯ ಮುಖ್ಯ ಕಸಿಗೆ ಕಾಲಿನ ನಾಳಕ್ಕಿಂತ ರೇಡಿಯಲ್ ಅಪಧಮನಿಯನ್ನೇ ಆರಿಸಿಕೊಳ್ಳುವಂತೆ ಬಲವಾಗಿ ಶಿಫಾರಸು ಮಾಡಿತು. ಹಾಗಾಗಿ ಈ ಕಸಿಯ ಬಳಕೆ ಹೆಚ್ಚುವುದೇ ಸರಿಯಾದ ದಿಕ್ಕು. ಅದರೊಂದಿಗೆ ಕೈಯ ತೊಂದರೆಯನ್ನು ಬಲ್ಲವರ ಸಂಖ್ಯೆಯೂ ಹೆಚ್ಚಬೇಕು.

ಕೈಯೊಳಗಿನ ದಾರಿಗಳು

ಮೊಣಕೈಯ ಮಡಿಕೆಗಿಂತ ಸ್ವಲ್ಪ ಕೆಳಗೆ ತೋಳಿನ ದೊಡ್ಡ ಅಪಧಮನಿ ಎರಡಾಗಿ ಕವಲೊಡೆಯುತ್ತದೆ. ಹೆಬ್ಬೆರಳ ಬದಿಗೆ ಹರಿಯುವುದು ರೇಡಿಯಲ್, ಕಿರುಬೆರಳ ಬದಿಗೆ ಹರಿಯುವುದು ಅಲ್ನಾರ್. ಅಂಗೈಯಲ್ಲಿ ಇವೆರಡೂ ಕಮಾನುಗಳ ಮೂಲಕ ಮತ್ತೆ ಕೂಡುತ್ತವೆ. ಈ ಕೂಡಿಕೆ ಇರುವುದರಿಂದಲೇ ಒಂದನ್ನು ತೆಗೆದರೂ ಬೆರಳುಗಳು ಬದುಕುತ್ತವೆ. ರೇಡಿಯಲ್ ಅಪಧಮನಿಯಿಂದ ಸಾಮಾನ್ಯವಾಗಿ 20 ಸೆಂಟಿಮೀಟರ್ ಆಸುಪಾಸಿನ ಕಸಿ ದೊರೆಯುತ್ತದೆ. ಮೇಲ್ಭಾಗದಲ್ಲಿ ಅದು ಬ್ರೇಕಿಯೊರೇಡಿಯಾಲಿಸ್ ಎಂಬ ದಪ್ಪ ಸ್ನಾಯುವಿನ ಅಂಚಿನ ಕೆಳಗೆ ಅಡಗಿರುತ್ತದೆ. ಮಣಿಕಟ್ಟಿನ ಬಳಿ ಚರ್ಮಕ್ಕೆ ಹತ್ತಿರ ಬರುತ್ತದೆ.

ಅಪಾಯಕ್ಕೆ ಸಿಕ್ಕುವ ನರಗಳು ಮುಖ್ಯವಾಗಿ ಎರಡು. ಮೊದಲನೆಯದು ಮುಂಗೈಯ ಹೊರಬದಿಯ ಚರ್ಮನರ. ಇದು ಮೊಣಕೈಯಲ್ಲಿ ಬೈಸೆಪ್ಸ್ ಸ್ನಾಯುರಜ್ಜುವಿನ ಪಕ್ಕದಿಂದ ಹೊರಬಂದು, ಚರ್ಮದಡಿಯ ಕೊಬ್ಬಿನಲ್ಲಿ ಸಿರೆಯೊಂದರ ಜೊತೆಗೆ ಹೆಬ್ಬೆರಳ ಬುಡದವರೆಗೂ ಇಳಿಯುತ್ತದೆ. ಚರ್ಮವನ್ನು ಕೊಯ್ಯುವ ಮೊದಲ ಹಂತದಲ್ಲೇ ಇದು ಚಾಕುವಿನ ದಾರಿಗೆ ಬರಬಹುದು. ಎರಡನೆಯದು ರೇಡಿಯಲ್ ನರದ ಮೇಲುಶಾಖೆ. ಇದು ಬ್ರೇಕಿಯೊರೇಡಿಯಾಲಿಸ್‌ನ ಅಡಿಯಲ್ಲಿ ಸಾಗುತ್ತ, ಮುಂಗೈಯ ನಡುಭಾಗದಲ್ಲಿ ಅಪಧಮನಿಗೆ ಅಂಟಿದಂತೆ ಅದರ ಹೊರಮಗ್ಗುಲಲ್ಲಿ ಇರುತ್ತದೆ. ಆಮೇಲೆ ಅಪಧಮನಿಯನ್ನು ಬಿಟ್ಟು ಹಿಂದಕ್ಕೆ ತಿರುಗಿ, ಮಣಿಕಟ್ಟಿಗೆ ಒಂದು ಗೇಣಿಗಿಂತ ಕಡಿಮೆ ದೂರವಿರುವಾಗ ಚರ್ಮದಡಿಗೆ ಬಂದು, ಕೈಯ ಹಿಂಬದಿಗೆ ಹೋಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಡಿಕೆಯ ಹಿಂಭಾಗದ ಸ್ಪರ್ಶ ಇದರದೇ. ಈ ಶಾಖೆಗೆ ಸ್ಪರ್ಶವನ್ನು ತಿಳಿಸುವ ಕೆಲಸ ಮಾತ್ರ. ಸ್ನಾಯುವನ್ನು ಅಲುಗಾಡಿಸುವ ಎಳೆಗಳು ಇದರಲ್ಲಿಲ್ಲ. ಈ ಒಂದು ವಿಷಯ ತಿಳಿದಿದ್ದರೆ ರೋಗಿಯ ಅರ್ಧ ಭಯ ಕಡಿಮೆಯಾಗುತ್ತದೆ. ಅಂಗೈ ಕಡೆಯ ಸ್ಪರ್ಶವನ್ನೂ ಹೆಬ್ಬೆರಳಿನ ಸೂಕ್ಷ್ಮ ಚಲನೆಯನ್ನೂ ನೋಡಿಕೊಳ್ಳುವ ಮೀಡಿಯನ್ ನರ ಮುಂಗೈಯ ನಡುವೆ ಆಳದಲ್ಲಿರುತ್ತದೆ. ಅದಕ್ಕೆ ನೇರ ಪೆಟ್ಟು ಬೀಳುವುದು ಅಪರೂಪ.

ಪೆಟ್ಟು ಬೀಳುವ ಬಗೆ

ನರ ಪೂರ್ತಿ ತುಂಡಾಗುವುದು ಹಲವು ಬಗೆಗಳಲ್ಲಿ ಒಂದು ಮಾತ್ರ. ಅಪಧಮನಿ ಕಾಣಿಸಬೇಕಾದರೆ ಬ್ರೇಕಿಯೊರೇಡಿಯಾಲಿಸ್ ಸ್ನಾಯುವನ್ನು ಪಕ್ಕಕ್ಕೆ ಎಳೆದು ಹಿಡಿಯಬೇಕು. ಅದರಡಿಯಲ್ಲೇ ಇರುವ ರೇಡಿಯಲ್ ಮೇಲುಶಾಖೆ ಆಗ ಹಿಗ್ಗುತ್ತದೆ. ಎಳೆತ ಹೆಚ್ಚಾದಷ್ಟೂ, ಹೊತ್ತು ಹೆಚ್ಚಾದಷ್ಟೂ ಪೆಟ್ಟೂ ಹೆಚ್ಚು. ಅಪಧಮನಿಯ ಚಿಕ್ಕ ಕವಲುಗಳನ್ನು ಮುಚ್ಚಲು ವಿದ್ಯುತ್ ಕಾವು ಬಳಸಿದರೆ ಆ ಶಾಖ ಪಕ್ಕದ ನರಕ್ಕೂ ತಾಗುತ್ತದೆ. ಗಾಯ ಮುಚ್ಚಿದ ಮೇಲೆ ಒಳಗೆ ರಕ್ತ ಶೇಖರವಾದರೆ, ಬಾವು ಬಂದರೆ, ಪಟ್ಟಿ ಬಿಗಿಯಾದರೆ ನರ ಅದುಮಿಕೊಳ್ಳುತ್ತದೆ. ವಾರಗಳ ನಂತರ ಕಲೆಯ ಗಟ್ಟಿ ಅಂಗಾಂಶ ನರವನ್ನು ಸುತ್ತಿ ಹಿಡಿಯುವುದೂ ಉಂಟು. ಇದಲ್ಲದೆ ನರಗಳಿಗೂ ತಮ್ಮದೇ ಸಣ್ಣ ರಕ್ತನಾಳಗಳಿವೆ. ಮಧುಮೇಹದಿಂದ ಅವು ಮೊದಲೇ ಸೊರಗಿದ್ದರೆ, ಆರೋಗ್ಯವಂತ ನರ ತಡೆದುಕೊಳ್ಳುವಷ್ಟೇ ಎಳೆತವನ್ನು ಸೊರಗಿದ ನರ ತಡೆದುಕೊಳ್ಳಲಾರದು.

ನರಕ್ಕಾದ ಪೆಟ್ಟನ್ನು ಮೂರು ಮಟ್ಟಗಳಲ್ಲಿ ಅಳೆಯುವ ಕ್ರಮವನ್ನು ಬ್ರಿಟನ್ನಿನ ಹರ್ಬರ್ಟ್ ಸೆಡನ್ 1943ರಲ್ಲಿ ಮುಂದಿಟ್ಟರು. ಮೊದಲ ಮಟ್ಟದಲ್ಲಿ ತಂತಿಯ ಮೇಲುಹೊದಿಕೆ ಮಾತ್ರ ಕೆಟ್ಟಂತೆ ನರದ ಸಂದೇಶ ತಾತ್ಕಾಲಿಕವಾಗಿ ನಿಲ್ಲುತ್ತದೆ. ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆ ತುಂಡಾಗಿರುತ್ತದೆ, ಆದರೆ ಕೊಳವೆ ಉಳಿದಿರುತ್ತದೆ. ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮತ್ತೆ ಬೆಳೆಯುತ್ತದೆ. ಮುಂಗೈಯ ನಡುವೆ ಪೆಟ್ಟಾಗಿದ್ದರೆ ಹೆಬ್ಬೆರಳ ಹಿಂಭಾಗಕ್ಕೆ ಸ್ಪರ್ಶ ಮರಳಲು ಹಲವು ತಿಂಗಳು ಹಿಡಿಯುವುದು ಈ ಲೆಕ್ಕದಿಂದಲೇ. ಮೂರನೆಯದರಲ್ಲಿ ನರ ಪೂರ್ತಿ ತುಂಡಾಗಿರುತ್ತದೆ, ಹೊಲಿಯದೆ ಕೂಡುವುದಿಲ್ಲ. ಅಪಧಮನಿ ತೆಗೆದ ಕೈಗಳಲ್ಲಿ ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ಮೊದಲ ಎರಡು ಮಟ್ಟಕ್ಕೆ ಸೇರಿದವು.

ರೋಗಿಗೆ ಅನಿಸುವುದು

ಹೊರಬದಿಯ ಚರ್ಮನರಕ್ಕೆ ಪೆಟ್ಟಾದರೆ ಮುಂಗೈಯ ಹೆಬ್ಬೆರಳ ಬದಿಯಲ್ಲಿ, ಹೊಲಿಗೆಯ ಗೆರೆಯ ಉದ್ದಕ್ಕೂ, ಚರ್ಮ ಮರಗಟ್ಟಿದಂತಿರುತ್ತದೆ. ರೇಡಿಯಲ್ ಮೇಲುಶಾಖೆಗೆ ಆದರೆ ಹೆಬ್ಬೆರಳ ಹಿಂಭಾಗ ಮತ್ತು ತೋರುಬೆರಳ ಬುಡದಲ್ಲಿ ಜೋಮು ಹಿಡಿಯುತ್ತದೆ. ಕೆಲವರಿಗೆ ಮರಗಟ್ಟುವುದಕ್ಕಿಂತ ಉರಿಯೇ ಹೆಚ್ಚು: ಅಂಗಿಯ ತೋಳು ತಾಗಿದರೂ, ಕೈಗಡಿಯಾರದ ಪಟ್ಟಿ ಮುಟ್ಟಿದರೂ ಕಿಡಿ ಸಿಡಿದಂತೆ ನೋವು. ಇದೇ ನರ ಅದುಮಿಕೊಂಡು ಬರುವ ನೋವನ್ನು ರಾಬರ್ಟ್ ವಾರ್ಟೆನ್‌ಬರ್ಗ್ 1932ರಲ್ಲೇ ವಿವರಿಸಿದ್ದು, ಆ ತೊಂದರೆ ಇಂದಿಗೂ ಅವರ ಹೆಸರಿನಲ್ಲಿದೆ. ಪೆಟ್ಟಾದ ಜಾಗವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಜುಮ್ಮೆನ್ನುವಿಕೆ ಹೆಬ್ಬೆರಳಿನವರೆಗೆ ಓಡಿದರೆ ಅದನ್ನು ಟಿನೆಲ್ ಚಿಹ್ನೆ ಎನ್ನುತ್ತಾರೆ. ವಾರದಿಂದ ವಾರಕ್ಕೆ ಆ ಬಿಂದು ಬೆರಳುಗಳ ಕಡೆಗೆ ಸರಿಯುತ್ತಿದ್ದರೆ ನರ ಬೆಳೆಯುತ್ತಿದೆ ಎಂದರ್ಥ.

ಹೆಬ್ಬೆರಳ ಬಲ ಕಡಿಮೆಯಾಗಿದೆ ಎಂಬ ದೂರು ಕಡಿಮೆ ಜನರದು. ಮೇಲೆ ಹೇಳಿದ ಎರಡೂ ಚರ್ಮನರಗಳು ಸ್ನಾಯುವಿಗೆ ಹೋಗುವುದಿಲ್ಲವಾದ್ದರಿಂದ ಈ ದೂರಿಗೆ ಬೇರೆ ಕಾರಣ ಹುಡುಕಬೇಕು: ನೋವಿನ ಹೆದರಿಕೆಯಿಂದ ಕೈ ಬಳಸದಿರುವುದು, ಅಪಧಮನಿಯ ಹಾಸಿನಂತಿರುವ ಹೆಬ್ಬೆರಳ ಉದ್ದ ಮಡಿಕೆ ಸ್ನಾಯುವಿಗೆ ಆದ ನೋವು, ಕಲೆಯ ಬಿಗಿತ, ಮೊದಲೇ ಇದ್ದ ಮಣಿಕಟ್ಟಿನ ಮೀಡಿಯನ್ ನರದ ಒತ್ತಡ.

ಎಡಗೈಯ ವಿಷಯದಲ್ಲಿ ಇನ್ನೊಂದು ಸಂಕಟವಿದೆ. ಬಲಗೈ ಬಳಸುವವರಲ್ಲಿ ಸಾಮಾನ್ಯವಾಗಿ ಎಡಗೈ ಅಪಧಮನಿಯನ್ನೇ ತೆಗೆಯುತ್ತಾರೆ. ಎಡಗೈ ನೋವು ಹೃದಯಾಘಾತದ ಗುರುತೆಂದು ಕೇಳಿ ಬೆಳೆದ ರೋಗಿಗೆ, ಮನೆಗೆ ಬಂದ ಮೇಲೆ ಎಡಗೈ ಜೋಮು ಹಿಡಿದರೆ ಮತ್ತೆ ಹೃದಯಕ್ಕೇನೋ ಆಗಿದೆ ಎಂಬ ಭೀತಿ; ಮನೆಯವರಿಗೆ ಲಕ್ವ ಹೊಡೆಯಿತೇನೋ ಎಂಬ ದಿಗಿಲು. ಚರ್ಮನರದ ತೊಂದರೆ ಹೊಲಿಗೆಯ ಸುತ್ತಲೂ ಹೆಬ್ಬೆರಳ ಹಿಂದೆಯೂ ಒಂದೇ ಜಾಗದಲ್ಲಿ ನೆಲೆಸಿರುತ್ತದೆ, ನಡೆದರೆ ಹೆಚ್ಚುವುದಿಲ್ಲ, ಕುಳಿತರೆ ಇಳಿಯುವುದಿಲ್ಲ. ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ ಜೊತೆಗಿದ್ದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಇಡೀ ಕೈ ಎತ್ತಲಾಗದಿದ್ದರೆ ಅದು ಬೇರೆ ವಿಷಯ. ಕ್ಷಣ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎಲ್ಲ ಜೋಮಿಗೂ ಮುಂಗೈ ಕಾರಣವಲ್ಲ

ಬೈಪಾಸ್ ನಂತರ ಕಿರುಬೆರಳು ಮತ್ತು ಉಂಗುರಬೆರಳು ಜೋಮು ಹಿಡಿದಿದ್ದರೆ ರೇಡಿಯಲ್ ಅಪಧಮನಿಯ ಕಡೆ ಬೆರಳು ತೋರಿಸುವುದು ತಪ್ಪು. ಎದೆಮೂಳೆಯನ್ನು ಸೀಳಿ ಅಗಲಿಸುವಾಗ ಮೊದಲ ಪಕ್ಕೆಲುಬು ಮೇಲಕ್ಕೆ ಸರಿದು, ಕತ್ತಿನಿಂದ ತೋಳಿಗೆ ಇಳಿಯುವ ನರಜಾಲದ ಕೆಳಕವಲನ್ನು ಹಿಗ್ಗಿಸುತ್ತದೆ. ಎದೆಯ ಅಪಧಮನಿಯನ್ನು ಬಿಡಿಸಲು ಒಂದು ಬದಿಯನ್ನು ಹೆಚ್ಚು ಎತ್ತಿ ಹಿಡಿದಾಗ ಈ ಎಳೆತ ಇನ್ನೂ ಜಾಸ್ತಿ. ಮೇಜಿನ ಮೇಲೆ ಗಂಟೆಗಟ್ಟಲೆ ಮಲಗಿರುವಾಗ ಮೊಣಕೈ ಒತ್ತಿಕೊಂಡರೂ ಅಲ್ನಾರ್ ನರ ನೋಯುತ್ತದೆ. ಕೈಯ ಅಪಧಮನಿ ತೆಗೆಯದ ರೋಗಿಗಳಲ್ಲೂ ಈ ತೊಂದರೆ ಕಾಣುತ್ತದೆ. ಅಪಧಮನಿ ತೆಗೆಯಲು ತೋಳನ್ನು ಪಕ್ಕಕ್ಕೆ ಚಾಚಿ ಹಲಗೆಯ ಮೇಲೆ ಇಡುತ್ತಾರೆ. 90 ಡಿಗ್ರಿಗಿಂತ ಹೆಚ್ಚು ಚಾಚಿದರೆ ನರಜಾಲಕ್ಕೆ ಅಲ್ಲಿಂದಲೂ ಎಳೆತ ಬೀಳುತ್ತದೆ. ಯಾವ ಬೆರಳು, ಮುಂಭಾಗವೋ ಹಿಂಭಾಗವೋ ಎಂದು ರೋಗಿ ನಿಖರವಾಗಿ ಹೇಳಿದರೆ ಎಷ್ಟೋ ಸಲ ಯಂತ್ರಪರೀಕ್ಷೆ ಇಲ್ಲದೆಯೇ ವೈದ್ಯರಿಗೆ ಪೆಟ್ಟಾದ ನರ ಗೊತ್ತಾಗುತ್ತದೆ. ನರವಾಹಕ ಪರೀಕ್ಷೆ ಬೇಕೆನಿಸಿದರೂ ಮೂರು-ನಾಲ್ಕು ವಾರ ಕಾಯುವುದು ವಾಡಿಕೆ, ಅದಕ್ಕೆ ಮೊದಲು ಮಾಡಿದರೆ ಪೆಟ್ಟಿನ ಆಳ ತಿಳಿಯುವುದಿಲ್ಲ.

ಎಷ್ಟು ಜನರಿಗೆ, ಯಾರಿಗೆ ಹೆಚ್ಚು

ಅಧ್ಯಯನಗಳ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ಕಾರಣ, ಕೆಲವರು ರೋಗಿಯನ್ನು ಕೇಳಿ ಬರೆದುಕೊಂಡರು, ಕೆಲವರು ಸೂಜಿ ಹತ್ತಿಗಳಿಂದ ಪರೀಕ್ಷಿಸಿದರು. ಕೆಲವರು ಮೊದಲ ವಾರ ನೋಡಿದರು, ಕೆಲವರು ವರ್ಷದ ನಂತರ. ಆರಂಭದ ದಿನಗಳಲ್ಲಿ ಕೇಳಿದಾಗ ಸುಮಾರು ಮೂರರಲ್ಲಿ ಒಬ್ಬರು ಏನಾದರೊಂದು ಬದಲಾವಣೆ ಹೇಳುತ್ತಾರೆ ಎಂಬುದು ದೊಡ್ಡ ವರದಿಗಳ ಸಾರ; ತಿಂಗಳುಗಳು ಕಳೆದಂತೆ ಆ ಸಂಖ್ಯೆ ಇಳಿಯುತ್ತದೆ, ಕೈ ಬಳಕೆಗೆ ಅಡ್ಡಿಯಾಗುವಷ್ಟು ತೊಂದರೆ ಉಳಿಯುವುದು ಕೆಲವರಲ್ಲಿ ಮಾತ್ರ. ಭಾರತದಿಂದಲೂ ಈ ವಿಷಯದಲ್ಲಿ ಮಹತ್ವದ ಕೆಲಸ ಬಂದಿದೆ: ದೆಹಲಿಯಿಂದ ಮೆಹರ್ವಾಲ್ ಮತ್ತು ನರೇಶ್ ಟ್ರೆಹಾನ್ 2001ರಲ್ಲಿ 3,977 ಪ್ರಕರಣಗಳಲ್ಲಿ ಕೈಯ ಸ್ಥಿತಿಯನ್ನು ವರದಿ ಮಾಡಿದರು. ಮಧುಮೇಹ, ಧೂಮಪಾನ, ಕಾಲಿನ ರಕ್ತನಾಳಗಳ ಕಾಯಿಲೆ, ಮೂತ್ರಪಿಂಡದ ದೌರ್ಬಲ್ಯ ಇರುವವರಿಗೆ ತೊಂದರೆಯ ಸಂಭವ ಹೆಚ್ಚು.

ಅಂಗೈ ರಕ್ತವಿಲ್ಲದೆ ಕಪ್ಪಾಗುವುದು ಜನ ಅತಿಯಾಗಿ ಅಂಜುವ, ಆದರೆ ಅತ್ಯಂತ ವಿರಳವಾದ ಅಪಾಯ. ಅದನ್ನು ತಡೆಯಲು ಮೊದಲೇ ಅಲೆನ್ ಪರೀಕ್ಷೆ ಮಾಡುತ್ತಾರೆ. ಮಣಿಕಟ್ಟಿನ ಎರಡೂ ಅಪಧಮನಿಗಳನ್ನು ಒತ್ತಿಹಿಡಿದು, ರೋಗಿ ಮುಷ್ಟಿ ಕಟ್ಟಿ ಬಿಚ್ಚಿ ಅಂಗೈ ಬಿಳುಚಿದ ಮೇಲೆ ಅಲ್ನಾರ್ ಕಡೆಯನ್ನು ಮಾತ್ರ ಬಿಟ್ಟು, ಅಂಗೈ ಎಷ್ಟು ಬೇಗ ಕೆಂಪಾಗುತ್ತದೆ ಎಂದು ನೋಡುವ ಸರಳ ಕ್ರಮವಿದು. ಅಮೆರಿಕದ ಎಡ್ಗರ್ ಅಲೆನ್ 1929ರಲ್ಲಿ ಬೇರೊಂದು ರಕ್ತನಾಳದ ಕಾಯಿಲೆಗಾಗಿ ರೂಪಿಸಿದ ಪರೀಕ್ಷೆಯ ಪರಿಷ್ಕೃತ ರೂಪ ಇದು. ಇಂದು ಡಾಪ್ಲರ್ ಸ್ಕ್ಯಾನ್ ಅಥವಾ ಬೆರಳಿನ ಆಮ್ಲಜನಕ ಮಾಪಕವನ್ನೂ ಜೊತೆಗೆ ಬಳಸುತ್ತಾರೆ. ಆದರೆ ಅಲೆನ್ ಪರೀಕ್ಷೆ ರಕ್ತದ ಹರಿವನ್ನಷ್ಟೇ ಹೇಳುತ್ತದೆ, ನರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಪರೀಕ್ಷೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಕೈಯಲ್ಲಿ ಜೋಮು ಬರುವುದಿಲ್ಲ ಎಂದು ತಿಳಿಯಬಾರದು.

ತಡೆ ಮತ್ತು ಆರೈಕೆ

ಅನುಭವಿ ಕೈ, ಮೆಲುವಾದ ಎಳೆತ, ನರದ ಬಳಿ ವಿದ್ಯುತ್ ಕಾವಿನ ಬದಲು ಕ್ಲಿಪ್ ಅಥವಾ ಶ್ರವಣಾತೀತ ಕತ್ತರಿ, ಗಾಯ ಮುಚ್ಚುವ ಮುನ್ನ ರಕ್ತಸ್ರಾವ ಪೂರ್ತಿ ನಿಂತಿದೆಯೇ ಎಂಬ ಪರೀಕ್ಷೆ ಇವು ಮುಖ್ಯ. ಮಣಿಕಟ್ಟಿನ ಬಳಿ 2-3 ಸೆಂಟಿಮೀಟರ್ ಕೊಯ್ದು ಅಂತರ್ದರ್ಶಕದ (ಎಂಡೋಸ್ಕೋಪ್) ಸಹಾಯದಿಂದ ಅಪಧಮನಿ ತೆಗೆಯುವ ವಿಧಾನದಲ್ಲಿ ಗಾಯದ ತೊಂದರೆ ಕಡಿಮೆ, ಜೋಮಿನ ದೂರುಗಳೂ ಕಡಿಮೆ. ಆದರೆ ಉಪಕರಣ ದುಬಾರಿ, ಕಲಿಕೆಗೆ ಸಮಯ ಬೇಕು.

ಕೆಲವರಲ್ಲಿ ಈ ಅಪಧಮನಿಯನ್ನು ಮುಟ್ಟದಿರುವುದೇ ಲೇಸು. ಮೂತ್ರಪಿಂಡ ಸೋಲುತ್ತಿರುವವರಿಗೆ ಮುಂದೆ ಡಯಾಲಿಸಿಸ್‌ಗಾಗಿ ಅದೇ ಮಣಿಕಟ್ಟಿನಲ್ಲಿ ಫಿಸ್ಟುಲಾ (ಅಪಧಮನಿ ಮತ್ತು ಸಿರೆಯ ಜೋಡಣೆ) ಮಾಡಬೇಕಾಗಬಹುದು. ಚಳಿಗೆ ಬೆರಳು ಬಿಳುಚುವ ರೇನೋ ತೊಂದರೆ ಇದ್ದರೂ ಬಿಡಬೇಕು. ನಮ್ಮಲ್ಲಿ ಆಂಜಿಯೋಗ್ರಾಂ ಅನೇಕ ಸಲ ಮಣಿಕಟ್ಟಿನ ಮೂಲಕವೇ ನಡೆಯುತ್ತದೆ. ಕ್ಯಾತಿಟರ್ ತೂರಿಸಿದ ಅಪಧಮನಿಯ ಒಳಪದರ ಕೆಟ್ಟಿರಬಹುದಾದ್ದರಿಂದ ಆ ಕೈಯದನ್ನು ಕಸಿಗೆ ಬಳಸದಿರುವುದು ಒಳ್ಳೆಯದು. ಆಂಜಿಯೋಗ್ರಾಂ ಬಲಗೈಯಲ್ಲಿ ಆಗಿತ್ತೋ ಎಡಗೈಯಲ್ಲೋ ಎಂಬುದನ್ನು ರೋಗಿಯ ಮನೆಯವರು ನೆನಪಿಟ್ಟುಕೊಂಡು ಹೇಳಬೇಕು.

ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ದಿನ ನಿಗಾ ಅತ್ಯಗತ್ಯ. ಮುಂಗೈ ಕಲ್ಲಿನಂತೆ ಬಿಗಿದು, ಬೆರಳನ್ನು ಬೇರೆಯವರು ಹಿಗ್ಗಿಸಿದಾಗ ತಾಳಲಾರದ ನೋವಾದರೆ, ಬೆರಳುಗಳು ತಣ್ಣಗೆ ಬಿಳುಚಿದರೆ ಒಳಗೆ ಒತ್ತಡ ಏರುತ್ತಿದೆ ಎಂದು ಅರ್ಥ. ಗಂಟೆಗಳೊಳಗೆ ಗಾಯ ಬಿಚ್ಚದಿದ್ದರೆ ಸ್ನಾಯು ಮತ್ತು ನರ ಎರಡೂ ಸಾಯುತ್ತವೆ. ಇದು ತೀರ ವಿರಳ, ಆದರೂ ಬೆಳಗಿನವರೆಗೆ ಕಾಯಬಾರದ ಸ್ಥಿತಿ.

ಸಾಮಾನ್ಯ ಜೋಮಿಗೆ ಮುಖ್ಯ ಔಷಧ ಕಾಲ. ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸಬೇಕು. ಗಾಯ ಒಣಗಿದ ಮೇಲೆ ಕಲೆಯನ್ನು ಎಣ್ಣೆ ಹಚ್ಚಿ ಮೆಲ್ಲಗೆ ನೀವಬೇಕು. ಮುಟ್ಟಿದರೆ ಉರಿಯುವ ಜಾಗವನ್ನು ಮೊದಲು ಹತ್ತಿಯಿಂದ, ಆಮೇಲೆ ಬಟ್ಟೆಯಿಂದ, ಕೊನೆಗೆ ಒರಟು ಟವಲಿನಿಂದ ದಿನವೂ ಸವರುತ್ತ ಒಗ್ಗಿಸಬೇಕು. ಉರಿ ನಿದ್ದೆ ಕೆಡಿಸಿದರೆ ಗ್ಯಾಬಾಪೆಂಟಿನ್, ಪ್ರೆಗಾಬಲಿನ್‌ನಂಥ ನರನೋವಿನ ಮಾತ್ರೆಗಳನ್ನು ವೈದ್ಯರು ಬರೆಯುತ್ತಾರೆ. ಶುದ್ಧ ಸಸ್ಯಾಹಾರಿಗಳಲ್ಲೂ ಬಹುಕಾಲ ಮೆಟ್‌ಫಾರ್ಮಿನ್ ನುಂಗುತ್ತಿರುವ ಮಧುಮೇಹಿಗಳಲ್ಲೂ ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಅದು ನರದ ಚೇತರಿಕೆಯನ್ನು ತಡೆಯುತ್ತದೆ, ಆದ್ದರಿಂದ ರಕ್ತಪರೀಕ್ಷೆ ಮಾಡಿಸುವುದು ಸರಿ. ಮರಗಟ್ಟಿದ ಕೈಗೆ ಒಲೆಯ ಮುಂದೆ ಬಿಸಿ ಗೊತ್ತಾಗದು. ಪಾತ್ರೆ ಇಳಿಸುವಾಗ ಮತ್ತೊಂದು ಕೈಯಿಂದ ಮುಟ್ಟಿ ನೋಡಬೇಕು. ಆ ಕೈಗೆ ಈಗ ಅಲ್ನಾರ್ ಅಪಧಮನಿಯೊಂದೇ ಆಧಾರವಾದ್ದರಿಂದ, ಅಲ್ಲಿಂದ ಅಪಧಮನಿ ರಕ್ತ ತೆಗೆಯಲು ಬಂದವರಿಗೆ ವಿಷಯ ತಿಳಿಸಬೇಕು. ಆರು ತಿಂಗಳಾದರೂ ಒಂದಿಷ್ಟೂ ಸುಧಾರಣೆ ಕಾಣದಿದ್ದರೆ, ಕಲೆಯ ಮೇಲೆ ಮುಟ್ಟಲಾಗದ ಗಂಟು ಎದ್ದರೆ, ಕೈಶಸ್ತ್ರ ತಜ್ಞರನ್ನು ಕಾಣಬೇಕು.

ರೇಡಿಯಲ್ ಅಪಧಮನಿಯ ಕಸಿ ಹೃದಯಕ್ಕೆ ಕೊಡುವ ಲಾಭದ ಮುಂದೆ ಹೆಬ್ಬೆರಳ ಹಿಂದಿನ ಜೋಮು ಬಹುತೇಕರಿಗೆ ಸಣ್ಣದು. ಆದರೆ ವೀಣೆ ನುಡಿಸುವವರಿಗೆ, ಹೊಲಿಗೆಯವರಿಗೆ, ಬೀಡಿ ಕಟ್ಟುವವರಿಗೆ, ನೇಯುವವರಿಗೆ ಅದು ಅನ್ನದ ಪ್ರಶ್ನೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮೊದಲು ಶಸ್ತ್ರವೈದ್ಯರು ರೋಗಿಯ ಕಸುಬು ಯಾವುದು, ಅದರಲ್ಲಿ ಯಾವ ಕೈ ಯಾವ ಕೆಲಸ ಮಾಡುತ್ತದೆ ಎಂದು ಕೇಳಬೇಕು; ಕೇಳದಿದ್ದರೆ ರೋಗಿಯೇ ಹೇಳಬೇಕು.